ಸಿಲ್ವಾನರೋ, ರೀಸ್ಲಿಂಗೋ?

ಮೊನ್ನೆ ಶುಕ್ರವಾರ ಸಂಜೆ ಆಫೀಸಿನಿಂದ ಬರುವಾಗ ಸೂಪರ್ ಮಾರ್ಕೆಟ್ಟಿನ ವೈನ್ ಸಾಲಿನ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದೆ. ಒಂದು ಕೈಯಲ್ಲಿ ಮೋಸೆಲ್ ಕಣಿವೆಯ ರೀಸ್ಲಿಂಗ್, ಇನ್ನೊಂದು ಕೈಯಲ್ಲಿ ಇಲ್ಲೇ ನಮ್ಮ ಫ್ರಾಂಕೆನ್ ಸೀಮೆಯ ಸಿಲ್ವಾನರ್. ಎರಡೂ ಬಿಳಿ ವೈನು, ಎರಡೂ ಹಗುರ, ಎರಡರ ಮೇಲೂ 'ಟ್ರೋಕನ್' ಅಂತ ಬರೆದಿದೆ, ಎರಡೂ ಹತ್ತು ಯೂರೋ ಒಳಗೆ. "ಅದೇನ್ ಮಹಾ, ಯಾವ್ದೋ ಒಂದು ತಗೊಂಡ್ ಹೋಗಪ್ಪಾ" ಅಂತೀರಾ? ಹಾಗಂದುಕೊಂಡೇ ಹೋದ ವರ್ಷ ಕೆಟ್ಟಿದ್ದು.

ವಿಷಯ ಏನಂದ್ರೆ, ನ್ಯೂರೆನ್‌ಬರ್ಗಿನ ನಮ್ಮ ಬಿಲ್ಡಿಂಗಿನಲ್ಲಿ ಮೇಲಿನ ಮನೆಯ ಅಜ್ಜಿ ಪ್ರತಿವರ್ಷ ಶ್ಪಾರ್ಗೆಲ್ ಊಟಕ್ಕೆ ಕರೀತಾರೆ. (ಎದುರಿಗೆ ಅಜ್ಜಿ ಅನ್ನೋ ಹಾಗಿಲ್ಲ. ಫ್ರೌ ಇಂಥವರು, ಬಹುವಚನ, ಕೈಕುಲುಕು!) ಶ್ಪಾರ್ಗೆಲ್ ಅಂದ್ರೆ ಬಿಳಿ ಆಸ್ಪರಾಗಸ್. ಮಣ್ಣಿನ ದಿಬ್ಬದೊಳಗೆ ಬಿಸಿಲು ಕಾಣದೆ ಬೆಳೆಯೋದ್ರಿಂದ ಬೆಳ್ಳಗಿರುತ್ತೆ. ಏಪ್ರಿಲ್‌ನಲ್ಲಿ ಶುರುವಾದ್ರೆ ಜೂನ್ 24ಕ್ಕೆ ಮುಗೀತು, ಆಮೇಲೆ ಮುಂದಿನ ವರ್ಷಕ್ಕೇ. ನಮ್ಮಲ್ಲಿ ಅವರೆಕಾಯಿ ಕಾಲ ಇದ್ದ ಹಾಗೆ ಇವರಿಗೆ ಇದರ ಹುಚ್ಚು.

ನಾನು ಸಸ್ಯಾಹಾರಿ. (ವೈನ್ ಕುಡಿಯೋ ಸಸ್ಯಾಹಾರಿ. ಅಮ್ಮನಿಗೆ ಮಾತ್ರ ಹೇಳ್ಬೇಡಿ.) ಇಲ್ಲಿ ಯಾರ ಮನೆಗೆ ಊಟಕ್ಕೆ ಹೋದ್ರೂ ಎಲ್ಲರ ತಟ್ಟೆಯಲ್ಲಿ ಒಂದು, ನನ್ನ ತಟ್ಟೆಯಲ್ಲಿ ಸೊಪ್ಪು. "ಪಾಪ, ಅವನಿಗೆ ಬೇರೆ ಮಾಡಿದೀವಿ" ಅನ್ನೋ ಕನಿಕರ ಬೇರೆ. ವರ್ಷಕ್ಕೊಂದು ಸಲ, ಈ ಶ್ಪಾರ್ಗೆಲ್ ಊಟದಲ್ಲಿ ಮಾತ್ರ, ಎಲ್ಲರ ತಟ್ಟೆಯಲ್ಲಿರೋದೇ ನನ್ನ ತಟ್ಟೆಯಲ್ಲೂ ಇರುತ್ತೆ: ಬೇಯಿಸಿದ ಶ್ಪಾರ್ಗೆಲ್, ಆಲೂಗಡ್ಡೆ, ಮೇಲೆ ಕರಗಿಸಿದ ಬೆಣ್ಣೆ. ಹ್ಯಾಮ್ ಬೇಕಾದವರು ಪಕ್ಕದಿಂದ ಹಾಕ್ಕೋತಾರೆ. ಅಂಥಾ ಊಟಕ್ಕೆ ಹೋದ ವರ್ಷ ವೈನ್ ತರೋ ಕೆಲಸ ನನಗೆ ಬಿತ್ತು. ಲೇಬಲ್ ಚೆನ್ನಾಗಿದೆ ಅಂತ ಒಂದು ಶ್ಪೇಟ್‌ಲೇಸೆ ಒಯ್ದೆ. ಒಳ್ಳೇ ವೈನೇ, ಆದ್ರೆ ಬೆಲ್ಲದ ಪಾನಕ! ಅಜ್ಜಿ ಒಂದು ಗುಟುಕು ಕುಡಿದು, "ಇದು ಕೇಕಿನ ಜೊತೆ ಚೆನ್ನಾಗಿರುತ್ತೆ" ಅಂತ ಸೌಮ್ಯವಾಗಿ ಪಕ್ಕಕ್ಕಿಟ್ಟು, ಒಳಗಿನಿಂದ ಬೇರೆ ಬಾಟಲಿ ತಂದ್ರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಆಮೇಲೆ ಗೊತ್ತಾಗಿದ್ದು, ಬಾಟಲಿಯಲ್ಲೇ ಉತ್ತರ ಇತ್ತು ಅಂತ. ಆಲ್ಕೋಹಾಲ್ ಶೇ. 8 ಅಂತ ಬರೆದಿತ್ತು. ಸುಮಾರು 17 ಗ್ರಾಂ ಸಕ್ಕರೆ ಹುದುಗಿದ್ರೆ ಒಂದು ಲೀಟರಿನಲ್ಲಿ ಶೇ. 1 ಆಲ್ಕೋಹಾಲ್ ಆಗುತ್ತೆ. ಶ್ಪೇಟ್‌ಲೇಸೆ ಅಂದ್ರೆ ತಡವಾಗಿ ಕಿತ್ತ, ಚೆನ್ನಾಗಿ ಹಣ್ಣಾದ ದ್ರಾಕ್ಷಿ. ಅದರ ಸಕ್ಕರೆಯೆಲ್ಲ ಹುದುಗಿದ್ದರೆ ಶೇ. 12ರ ಹತ್ತಿರ ಬರಬೇಕಿತ್ತು. ಬಂದಿಲ್ಲ ಅಂದ್ರೆ ಉಳಿದ ಸಕ್ಕರೆ ಬಾಟಲಿಯಲ್ಲೇ ಕೂತಿದೆ. ಇಷ್ಟು ಲೆಕ್ಕ ಬರದೇ ನಾನೆಂಥ ಎಂಜಿನಿಯರು?

ಸರಿ, ಈ ವರ್ಷ 'ಟ್ರೋಕನ್' ನೋಡಿಯೇ ತಗೊಳ್ಳೋದು ಅಂತ ತೀರ್ಮಾನ. ಟ್ರೋಕನ್ ಅಂದ್ರೆ ಒಣ, ಇಂಗ್ಲಿಷಿನ ಡ್ರೈ. (ನೀರಾಗಿರೋದು ಹೇಗೆ ಒಣಗಿರುತ್ತೆ ಅಂತ ಅಮ್ಮ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.) ಕಾನೂನಿನ ಪ್ರಕಾರ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಇದ್ದರೆ ಟ್ರೋಕನ್. ಆದ್ರೆ ಅಲ್ಲೊಂದು ಇಫ್-ಎಲ್ಸ್ ಇದೆ: ಸಕ್ಕರೆಯ ಪ್ರಮಾಣ ಹುಳಿಗಿಂತ 2 ಗ್ರಾಂಗೂ ಹೆಚ್ಚು ಮೇಲೆ ಹೋಗದಿದ್ದರೆ 9 ಗ್ರಾಂವರೆಗೂ ಟ್ರೋಕನ್ನೇ. ರೀಸ್ಲಿಂಗಿಗೆ ಹುಟ್ಟಾ ಹುಳಿ ಜಾಸ್ತಿ. ಹಾಗಾಗಿ ಅದು ಏಳೆಂಟು ಗ್ರಾಂ ಸಕ್ಕರೆಯನ್ನ ಹುಳಿಯ ಹಿಂದೆ ಬಚ್ಚಿಟ್ಟುಕೊಂಡೂ ಟ್ರೋಕನ್ ಅನ್ನಿಸ್ಕೋಬಹುದು. ಸಿಲ್ವಾನರಿಗೆ ಹುಳಿ ಕಮ್ಮಿ, ಬಚ್ಚಿಡೋಕೆ ಅಷ್ಟು ಜಾಗ ಇಲ್ಲ. ಫ್ರಾಂಕೆನ್ನಿನವರಂತೂ 4 ಗ್ರಾಂ ಒಳಗೇ ಇಡೋದನ್ನ ಪ್ರತಿಷ್ಠೆಯ ವಿಷಯ ಮಾಡ್ಕೊಂಡಿದಾರೆ. ಅಂದ್ರೆ ಲೇಬಲ್ ಒಂದೇ, ಒಳಗಿರೋದು ಬೇರೆ ಬೇರೆ.

ಟೆಸ್ಟ್ ಮಾಡದೆ ರಿಲೀಸ್ ಮಾಡಬಾರದಲ್ವಾ? ಎರಡೂ ಬಾಟಲಿ ಕೊಂಡೆ, ಜೊತೆಗೊಂದು ಕಟ್ಟು ಶ್ಪಾರ್ಗೆಲ್. ಸಿಪ್ಪೆ ಸರಿಯಾಗಿ ಹೆರೆಯದೆ ಬೇಯಿಸಿ, ಬಲಿತ ನುಗ್ಗೆಕಾಯಿ ಅಗಿದ ಹಾಗೆ ಅಗಿದೆ. ಇರ್ಲಿ ಬಿಡಿ. ಮೊದಲು ಎರಡನ್ನೂ ಬರೀ ನಾಲಿಗೆಯಲ್ಲಿ ನೋಡಿದೆ. ಅಲ್ಲಿ ರೀಸ್ಲಿಂಗೇ ಗೆದ್ದಿತು, ಸಂಶಯವೇ ಇಲ್ಲ. ನಿಂಬೆ, ಹಸಿರು ಸೇಬಿನ ಪರಿಮಳ, ಬಾಯೆಲ್ಲ ಜುಮ್ ಅನ್ನೋ ಹುಳಿ. ಪಕ್ಕದಲ್ಲಿ ಸಿಲ್ವಾನರ್ ಸಭೆಯಲ್ಲಿ ಮಾತಾಡದೆ ಕೂತ ಹಳ್ಳಿ ನೆಂಟನ ಹಾಗೆ: ಸ್ವಲ್ಪ ಪೇರಳೆ ವಾಸನೆ, ಸ್ವಲ್ಪ ಒಣಹುಲ್ಲು, ಒಂಚೂರು ಮಣ್ಣು. ಅಂಗಡಿಯಲ್ಲಿ ಬರೀ ರುಚಿ ನೋಡಿ ಕೊಳ್ಳೋರು ಯಾಕೆ ಇದನ್ನ ಬಿಟ್ಟು ಹೋಗ್ತಾರೆ ಅಂತ ಅರ್ಥವಾಯ್ತು.

ಆಮೇಲೆ ಬೆಣ್ಣೆ ಹಾಕಿದ ಶ್ಪಾರ್ಗೆಲ್ ಜೊತೆ ನೋಡಿದೆ. ಎಲ್ಲಾ ತಿರುವುಮುರುವು! ಶ್ಪಾರ್ಗೆಲ್ಲಿಗೆ ಮೆತ್ತನೆಯ ಸಿಹಿ, ಕೊನೆಯಲ್ಲಿ ಸಣ್ಣ ಕಹಿ. ರೀಸ್ಲಿಂಗಿನ ಹುಳಿ ಅದರ ಮೇಲೆ ಹತ್ತಿ ಕೂತು ಆ ಕಹಿಯನ್ನ ಎತ್ತಿ ತೋರಿಸ್ತು, ಬೆಣ್ಣೆಯ ರುಚಿ ಹೇಳಹೆಸರಿಲ್ಲ. ಸಿಲ್ವಾನರ್ ಮಾತ್ರ ತಾನೂ ಉಳಿದು ತರಕಾರಿಯನ್ನೂ ಉಳಿಸ್ತು. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಟ್ಟ ಮೇಲೆ ಇನ್ನೂ ಚೆನ್ನಾಗಿತ್ತು. ತೀರಾ ತಣ್ಣಗಿದ್ರೆ ಅದರ ಆ ಬಡಪಾಯಿ ಪರಿಮಳವೂ ಸತ್ತುಹೋಗುತ್ತೆ.

ಆಫೀಸಿನ ಗೆಳೆಯನೊಬ್ಬ "ಸಿಲ್ವಾನರಾ? ಅದು ವೈನೇ ಅಲ್ಲ, ರೀಸ್ಲಿಂಗ್ ಒಯ್ದರೆ ಯಾರೂ ಬೈಯಲ್ಲ" ಅಂದಿದ್ದ. ಯಾರೂ ಬೈಯಲ್ಲ ಅನ್ನೋದು ಒಂದು ಕಾರಣವೇ? ಒಂದು ಕಾಲಕ್ಕೆ ಜರ್ಮನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೀತಿದ್ದ ದ್ರಾಕ್ಷಿ ಇದು. 1659ರಲ್ಲಿ ಇದೇ ಫ್ರಾಂಕೆನ್ನಿನ ಕಾಸ್ಟೆಲ್ ಅನ್ನೋ ಹಳ್ಳಿಯಲ್ಲಿ ನೆಟ್ಟ ದಾಖಲೆ ಇದೆ. ಈಗ ರೀಸ್ಲಿಂಗ್ ಮೊದಲ ಸ್ಥಾನದಲ್ಲಿದೆ, ಇದು ಬಹಳ ಹಿಂದೆ ಬಿದ್ದಿದೆ. ಜೋರಾಗಿ ಪರಿಮಳ ಬೀರದೇ ಇರೋದು ದೋಷ ಅಂತ ನಾನಂತೂ ಒಪ್ಪಲ್ಲ. ಊಟದ ಮೇಜಿನಲ್ಲಿ ಅದೇ ಅದರ ಗುಣ.

ಹಾಗಂತ ರೀಸ್ಲಿಂಗ್ ಕೆಳಗೆ ಅಂತಲ್ಲ ಮಾರಾಯ್ರೆ. ಮರುದಿನ ಮಧ್ಯಾಹ್ನ ಉಳಿದಿದ್ದನ್ನ ನಿಂಬೆಹಣ್ಣಿನ ಚಿತ್ರಾನ್ನದ ಜೊತೆ ನೋಡಿದೆ. ಊಟದ ಹುಳಿಗಿಂತ ವೈನಿನ ಹುಳಿ ಕಮ್ಮಿಯಾದ್ರೆ ವೈನ್ ಸಪ್ಪೆಯಾಗುತ್ತೆ. ಸಿಲ್ವಾನರ್ ಪಾಪ ಬರೀ ನೀರು! ರೀಸ್ಲಿಂಗ್ ಎದೆ ಕೊಟ್ಟು ನಿಂತಿತು. ಬಚ್ಚಿಟ್ಟ ಆ ಏಳೆಂಟು ಗ್ರಾಂ ಸಕ್ಕರೆ ಹಸಿಮೆಣಸಿನಕಾಯಿಗೆ ಉಪಯೋಗಕ್ಕೆ ಬಂತು. ನಮ್ಮ ಅಡುಗೆ ಮಾಡ್ಕೊಂಡು ಪಕ್ಕದಲ್ಲೊಂದು ಗ್ಲಾಸ್ ಇಟ್ಕೊಳ್ಳೋರಿಗೆ ನಾನು ಅದನ್ನೇ ಹೇಳೋದು.

ಶನಿವಾರ ಸಂಜೆ ಇನ್ನೊಂದು ಸಿಲ್ವಾನರ್ ಕೊಂಡು ಮೇಲೆ ಹೋದೆ. ಬಾಕ್ಸ್‌ಬಾಯ್ಟೆಲ್ ಅಂತಾರೆ ಅದರ ಬಾಟಲಿಗೆ, ಹೊಟ್ಟೆ ಚಪ್ಪಟೆ ಮಾಡಿದ ತಂಬಿಗೆಯ ಹಾಗಿರುತ್ತೆ. ಅಜ್ಜಿ ಕನ್ನಡಕ ಹಾಕ್ಕೊಂಡು ಲೇಬಲ್ ಓದಿದ್ರು. ಏನೂ ಹೇಳಲಿಲ್ಲ. ಬಾಟಲಿ ಪಕ್ಕಕ್ಕಿಡದೆ ನೇರವಾಗಿ ಮೇಜಿನ ಮಧ್ಯಕ್ಕೆ ತಂದು ಇಟ್ಟು, "ಕೂತ್ಕೊಳ್ಳಿ, ಶ್ಪಾರ್ಗೆಲ್ ಆರಿಹೋಗುತ್ತೆ" ಅಂದ್ರು.