ತಂದೆಯ ದನಿ, ಮಕ್ಕಳ ಆಸ್ತಿ

ತಂದೆಯು ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ ಯಾವುದೆಂದು ವಿಚಾರಿಸುವಾಗ ನಮಗೆ ಪಂಡಿತ ಮಲ್ಲಿಕಾರ್ಜುನ ಮನ್ಸೂರರು ನೆನಪಾಗುತ್ತಾರೆ.

1910ರಲ್ಲಿ ಧಾರವಾಡದ ಬಳಿಯ ಮನ್ಸೂರಿನಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ನಾಟಕ ಕಂಪನಿಯ ರಂಗವನ್ನೇರಿದರು. ಮುಂದೆ ನೀಲಕಂಠಬುವಾ, ಮಂಜೀಖಾನ್, ಭೂರ್ಜೀಖಾನರಲ್ಲಿ ಸಂಗೀತಾಭ್ಯಾಸ ಮಾಡಿದರು. ಏಳು ಹೆಣ್ಣುಮಕ್ಕಳು, ಒಬ್ಬ ಮಗನ ದೊಡ್ಡ ಸಂಸಾರವನ್ನು ಗಾಯನ ಕಾಯಕದಿಂದಲೇ ಸಲಹಿದರು. ಶರಣರ ವಚನಗಳಿಗೆ ರಾಗದ ಒಡಲನ್ನಿತ್ತರು. ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗಿದ್ದ ಭಕ್ತಿಯನ್ನು ಧಾರವಾಡದ ‘ಮೃತ್ಯುಂಜಯ’ ಎಂಬ ಅವರ ಮನೆಯ ಹೆಸರೇ ಸಾರುತ್ತದೆ.

ಮಗ ರಾಜಶೇಖರರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರೂ ಕಛೇರಿಗಳಲ್ಲಿ ತಂದೆಯ ಹಿಂದೆ ಕುಳಿತು ದನಿಗೂಡಿಸುತ್ತಿದ್ದರು. ಮಗಳು ನೀಲಾ ಕೊಡ್ಲಿಯವರೂ ಗಾಯಕಿಯಾದರು. ಪದ್ಮವಿಭೂಷಣ ಲಭಿಸಿದ 1992ರಲ್ಲಿಯೇ, ಸೆಪ್ಟೆಂಬರ್ 12ರಂದು, ತಂದೆ ಲಿಂಗೈಕ್ಯರಾದರು. ಅವರ ಗಾಯಕಿ ಮಕ್ಕಳ ಕಂಠದಲ್ಲಿ ಉಳಿಯಿತು.

ಯಲಹಂಕ, ಹೆಬ್ಬಾಳ, ಯಶವಂತಪುರಗಳಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳಲ್ಲಿಯೂ ವಚನ ಹಾಡಬಲ್ಲ, ತಬಲ ನುಡಿಸಬಲ್ಲ, ಊರ ನಾಟಕದಲ್ಲಿ ಬಣ್ಣ ಹಚ್ಚಿದ ಹಿರಿಯರಿದ್ದಾರೆ. ದುಡಿಮೆಯ ಅವಸರದಲ್ಲಿ ಅವರ ಬಳಿ ಕುಳಿತು ಕೇಳುವವರೇ ವಿರಳ. ಕೇಳಿ ಕಲಿಯುವವರಿಲ್ಲದ ವಿದ್ಯೆ ಹಿರಿಯರೊಡನೆಯೇ ಮಣ್ಣು ಸೇರುತ್ತದೆ. ಬಂಧುಗಳೇ, ಈ ಸಂಜೆಯ ಪೂಜೆಯ ನಂತರ ತಂದೆಯವರಿಂದ ಒಂದು ವಚನವನ್ನು ಹಾಡಿಸಿರಿ. ಮಕ್ಕಳು ಹಿಂದೆ ಕುಳಿತು ದನಿಗೂಡಿಸಲಿ.