ಹಳೆಯ ಕಂಬ, ಹೊಸ ಮಣೆ

ಯಲಹಂಕದ ಹಳೆಯ ಬೀದಿಗಳಲ್ಲಿ ಹಿರಿಯರು ಕಟ್ಟಿಸಿದ ಮನೆಗಳು ಒಂದೊಂದಾಗಿ ನೆಲಕಚ್ಚುತ್ತಿವೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ತರುವಾಯ ಈ ಭಾಗದ ನಿವೇಶನಗಳ ಬೆಲೆ ಏರಿತು; ಅವುಗಳ ಮೇಲಿದ್ದ ಮನೆಗಳು ಹೊರೆಯಾಗಿ ತೋರಿದವು. ತೇಗ, ಹೊನ್ನೆ, ಹಲಸಿನ ಕಂಬ ಬಾಗಿಲುಗಳು ಸೌದೆಯಾಗುವುದೂ ಉಂಟು. ಅದೇ ಮನೆಯವರು ಮೊಮ್ಮಗುವಿನ ನಾಮಕರಣಕ್ಕೆ ಅಂಗಡಿಯ ಉಡುಗೊರೆಯನ್ನು ಅರಸುವುದು ವಿಪರ್ಯಾಸವಲ್ಲವೇ?

ದಶಕಗಳ ಕಾಲ ಸೂರಿನಡಿ ಒಣಗಿದ ಮರವು ಹಸಿಮರದಷ್ಟು ಸೊಟ್ಟಗಾಗದು. ಗೆದ್ದಲು ತಿಂದ ಭಾಗವನ್ನು ಕಳೆದು, ಮೊಳೆಗಳನ್ನೆಲ್ಲ ಕಿತ್ತು, ಬಳಿಕ ಉಜ್ಜುಗೊರಡು ಹಿಡಿದರೆ ಮಣೆ, ವ್ಯಾಸಪೀಠ, ಬಳೆಪೆಟ್ಟಿಗೆಗಳು ಸಿದ್ಧವಾಗುತ್ತವೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಬಣ್ಣ ಬಳಿದ ಮರವನ್ನು ಮಾತ್ರ ಮಕ್ಕಳ ಕೈಗೆ ಕೊಡಲಾಗದು.

ಕೈಗೆಲಸ ಬಲ್ಲವರೆಲ್ಲಿ, ಬಿಡುವೆಲ್ಲಿ ಎಂಬ ಆಕ್ಷೇಪವು ನ್ಯಾಯವಾದುದೇ. ಆದರೆ 12ನೆಯ ಶತಮಾನದ ಶರಣರ ಸಾಲಿನಲ್ಲಿ ಬಾಚಿಕಾಯಕದ ಬಸವಣ್ಣನವರಿದ್ದಾರೆ. ಬಡಗಿಯ ಬಾಚಿಯೇ ಅವರ ಹೆಸರಾಯಿತು. ಅವರ ವಚನವನ್ನು ಕಂಠಪಾಠ ಮಾಡಿಸುವ ಶಾಲೆಯು ಬಾಚಿಯನ್ನು ಮುಟ್ಟಿಸದಿದ್ದರೆ ಪಾಠವು ಅರ್ಧವೇ ಸರಿ. ವಾರಕ್ಕೊಂದು ಗಂಟೆ ನೆರೆಯ ಬಡಗಿಯೇ ಗುರುವಾಗಲಿ; ದಾನಿಗಳು ಧನದೊಡನೆ ಹಳೆಯ ಮರವನ್ನೂ ನೀಡಲಿ. ಅಜ್ಜ ಒರಗಿ ಕುಳಿತ ಕಂಬವು ಮೊಮ್ಮಗಳ ಮಣೆಯಾದರೆ, ಮನೆ ಹೋದರೂ ಮನೆತನದ ನೆನಪು ಉಳಿದೀತು.