ಗ್ರೈಂಡರ್ ಎದುರು ಸೈಕಲ್ ಬೀಗ ಎಷ್ಟು ಹೊತ್ತು ನಿಂತೀತು?

ಮೈಸೂರು: ಸೈಕಲ್ ಕೊಳ್ಳಲು ಹೋದವರು ಗೇರು, ಬ್ರೇಕು, ಟೈರುಗಳ ಬಗ್ಗೆ ಅಂಗಡಿಯವನಿಗೆ ಹತ್ತು ಪ್ರಶ್ನೆ ಹಾಕುತ್ತಾರೆ. ಬೀಗದ ಸರದಿ ಬಂದಾಗ ಕೇಳುವುದು ಒಂದೇ ಪ್ರಶ್ನೆ: 'ಗಟ್ಟಿ ಇದೆಯಾ?' ಇದೆ ಎಂದು ಅವನು ಹೇಳುತ್ತಾನೆ. ಬೇರೆ ಏನನ್ನಾದರೂ ಹೇಳಲು ಅವನ ಬಳಿಯೂ ಆಧಾರವಿಲ್ಲ. ಸಾಮಾನ್ಯವಾಗಿ ಇಲ್ಲಿ ಮಾರಾಟವಾಗುವ ಬೀಗದ ಪೊಟ್ಟಣದ ಮೇಲೆ ಉದ್ದ, ಬಣ್ಣ, ಬೆಲೆ ಮುದ್ರಿತವಾಗಿರುತ್ತವೆ. ಕಳ್ಳನ ಕೈಯಲ್ಲಿ ಅದು ಎಷ್ಟು ನಿಮಿಷ ತಡೆದೀತು ಎಂಬ ಮಾಹಿತಿ ಇರುವುದಿಲ್ಲ.

ಈ ಪ್ರಶ್ನೆಗೆ ಈಗ ಮಹತ್ವ ಬಂದಿರುವುದಕ್ಕೆ ಕಾರಣವಿದೆ. ಗ್ರಿಲ್, ಗೇಟು ಮಾಡುವ ವರ್ಕ್‌ಶಾಪ್‌ಗಳಲ್ಲಿ ಕಿಡಿ ಹಾರಿಸುತ್ತಿದ್ದ ಗ್ರೈಂಡರ್ ಇಂದು ವಿದ್ಯುತ್ ತಂತಿಯ ಹಂಗು ಕಳಚಿಕೊಂಡಿದೆ. ಬ್ಯಾಟರಿಯಿಂದ ನಡೆಯುವ ಯಂತ್ರ ಕೈಚೀಲದಲ್ಲಿ ಹಿಡಿಸುತ್ತದೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ತರಿಸಿಕೊಳ್ಳಬಹುದು. ನಾಲ್ಕು ಇಂಚಿನ ಬಿಲ್ಲೆ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 200 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಲೋಹವನ್ನು ಉಜ್ಜುತ್ತದೆ. ಹದ ಮಾಡಿದ ಉಕ್ಕು ಬೋಲ್ಟ್ ಕಟರ್‌ನ ಹಲ್ಲಿಗೆ ಬಗ್ಗದಿರಬಹುದು, ಗರಗಸವನ್ನು ಮೊಂಡು ಮಾಡಬಹುದು. ಆದರೆ ಬಿಲ್ಲೆಯಲ್ಲಿರುವ ಅಲ್ಯುಮಿನಿಯಂ ಆಕ್ಸೈಡ್ ಕಣಗಳು ಆ ಉಕ್ಕಿಗಿಂತಲೂ ಗಡುಸು. ಬೀಗ ತಯಾರಕರು ದಶಕಗಳ ಕಾಲ ನಂಬಿದ್ದ ಸೂತ್ರ, ಅಂದರೆ ಉಕ್ಕನ್ನು ಇನ್ನಷ್ಟು ದಪ್ಪ, ಇನ್ನಷ್ಟು ಗಡುಸು ಮಾಡುವುದು, ಇಲ್ಲಿ ಕೆಲವು ಸೆಕೆಂಡುಗಳನ್ನಷ್ಟೇ ಗಳಿಸಿಕೊಡುತ್ತದೆ.

ಗದ್ದಲವಾಗುತ್ತದೆ, ಜನ ಸೇರುತ್ತಾರೆ ಎನ್ನುವ ಧೈರ್ಯವೂ ಪೊಳ್ಳು. ನ್ಯೂಯಾರ್ಕಿನ ಚಿತ್ರನಿರ್ಮಾಪಕ ಕೇಸಿ ನೈಸ್ಟಾಟ್ ತಮ್ಮ ಸೈಕಲನ್ನೇ ಬೀದಿಯಲ್ಲಿ 'ಕದಿಯುವ' ಪ್ರಯೋಗವನ್ನು 2012ರಲ್ಲಿ ಚಿತ್ರೀಕರಿಸಿ ತೋರಿಸಿದ್ದರು. ಜನ ನೋಡಿಕೊಂಡು ಮುಂದೆ ಸಾಗಿದರು. ಕಿಕ್ಕಿರಿದ ಯೂನಿಯನ್ ಸ್ಕ್ವೇರ್‌ನಲ್ಲಿ ಯಂತ್ರ ಬಳಸಿದಾಗಲಷ್ಟೇ ಪೊಲೀಸರು ಬಂದರು. ಬೀದಿಗೊಂದು ಕಟ್ಟಡ ಏಳುತ್ತಿರುವ ನಮ್ಮ ಮೈಸೂರಿನಲ್ಲಿ ಗ್ರೈಂಡರ್ ಸದ್ದಿಗೆ ಯಾರು ತಾನೇ ತಿರುಗಿ ನೋಡುತ್ತಾರೆ?

ಹಾಗಾದರೆ ಬೀಗವನ್ನು ಅಳೆಯುವುದು ಹೇಗೆ? ಬ್ರಿಟನ್ನಿನಲ್ಲಿ ನಾರ್ತಂಬ್ರಿಯಾ ಮತ್ತು ಎಸೆಕ್ಸ್ ಪೊಲೀಸರು 1992ರಲ್ಲಿ 'ಸೋಲ್ಡ್ ಸೆಕ್ಯೂರ್' ಎಂಬ ಪರೀಕ್ಷಾ ವ್ಯವಸ್ಥೆಯನ್ನು ಆರಂಭಿಸಿದರು. ಈಗ ಅದು ಅಲ್ಲಿನ ಬೀಗ ತಜ್ಞರ ಸಂಘದ ಕೈಯಲ್ಲಿದೆ. ನಿಗದಿತ ಉಪಕರಣಗಳನ್ನು ಹಿಡಿದ ಪರಿಣತರು ಗಡಿಯಾರ ಇಟ್ಟುಕೊಂಡು ಬೀಗವನ್ನು ಮುರಿಯುತ್ತಾರೆ, ತಡೆದ ಅವಧಿಗೆ ತಕ್ಕಂತೆ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂಬ ದರ್ಜೆ ಸಿಗುತ್ತದೆ. ನೆದರ್‌ಲ್ಯಾಂಡ್ಸ್‌ನ ಎಆರ್‌ಟಿ ಪ್ರತಿಷ್ಠಾನ ನಕ್ಷತ್ರಗಳನ್ನು ಕೊಡುತ್ತದೆ. ಅಲ್ಲಿ ಸೈಕಲ್ ವಿಮೆ ಬೇಕಾದರೆ ಸಾಮಾನ್ಯವಾಗಿ ಎರಡು ನಕ್ಷತ್ರದ ಬೀಗ ಇರಬೇಕು. 'ಮುರಿಯಲಾಗದ ಬೀಗ' ಎಂಬ ಜಾಹೀರಾತಿನ ಮಾತಿಗೆ ಈ ಪರೀಕ್ಷೆಗಳಲ್ಲಿ ಜಾಗವಿಲ್ಲ. ಎಲ್ಲ ಬೀಗವೂ ಮುರಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಎಷ್ಟು ಹೊತ್ತಿನಲ್ಲಿ ಎಂಬುದನ್ನಷ್ಟೇ ಅವು ಲೆಕ್ಕ ಹಾಕುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಸೋಲ್ಡ್ ಸೆಕ್ಯೂರ್ ಸೈಕಲ್ ಬೀಗಗಳನ್ನು ಗ್ರೈಂಡರ್‌ಗೆ ಒಡ್ಡುವುದು ವಜ್ರ ದರ್ಜೆಯಲ್ಲಿ ಮಾತ್ರ. ಹಾಗಾಗಿ 'ಚಿನ್ನ'ದ ಮುದ್ರೆ ನೋಡಿ ವಿದೇಶಿ ಬೀಗ ತರಿಸಿಕೊಂಡವರು, ಅದು ಗ್ರೈಂಡರನ್ನೂ ಗೆದ್ದು ಬಂದಿದೆ ಎಂದು ಭಾವಿಸುವಂತಿಲ್ಲ. ಪರೀಕ್ಷೆಯಲ್ಲಿ ಇಲ್ಲದ ದಾಳಿಗೆ ಬೀಗ ಹೇಗೆ ಸೋಲುತ್ತದೆ ಎಂಬುದನ್ನು 2004ರಲ್ಲೇ ಅಮೆರಿಕ ಕಂಡಿದೆ. ಕ್ರಿಪ್ಟೊನೈಟ್ ಕಂಪನಿಯ ದುಬಾರಿ ಯು ಲಾಕ್‌ಗಳ ಕೊಳವೆಯಾಕಾರದ ಕೀಲಿಯನ್ನು ಸಾಧಾರಣ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆಯಬಹುದೆಂದು ಬಯಲಾಗಿ, ಕಂಪನಿ ಬೀಗಗಳನ್ನು ಬದಲಿಸಿಕೊಡಬೇಕಾಯಿತು.

ಗ್ರೈಂಡರ್‌ಗೆ ಉತ್ತರ ಹುಡುಕುವ ಪ್ರಯತ್ನವೂ ನಡೆದಿದೆ. ಡರ್ಹಮ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ 'ಪ್ರೋಟಿಯಸ್' ಎಂಬ ವಸ್ತುವನ್ನು ಪ್ರಕಟಿಸಿದರು. ಅಲ್ಯುಮಿನಿಯಂ ನೊರೆಯೊಳಗೆ ಸೆರಾಮಿಕ್ ಗುಂಡುಗಳನ್ನು ಹುದುಗಿಸಿದ ಇದರ ಸಾಂದ್ರತೆ ಉಕ್ಕಿನ ಶೇ 15ರಷ್ಟು ಮಾತ್ರ. ಬಿಲ್ಲೆ ತಗುಲಿದಾಗ ಗುಂಡುಗಳು ಕಂಪನ ಹುಟ್ಟಿಸಿ, ಪುಡಿಯಾಗಿ, ಬಿಲ್ಲೆಯನ್ನೇ ಸವೆಸುತ್ತವೆ. ಮರುವರ್ಷ ಬ್ರಿಟನ್ನಿನ ಹಿಪ್‌ಲಾಕ್ ಕಂಪನಿ ಗ್ರಾಫೀನ್ ಬೆರೆತ ಸೆರಾಮಿಕ್ ಕವಚದ ಬೀಗವನ್ನು ತಂದಿತು. ಇದರ ತಂತ್ರವೂ ಅದೇ: ಕತ್ತರಿಸುವ ಬಿಲ್ಲೆಯನ್ನೇ ತಿಂದುಹಾಕುವುದು. ಬೆಲೆ ಮಾತ್ರ ಆಗ ಸುಮಾರು 250 ಪೌಂಡ್, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು 25,000 ರೂಪಾಯಿ ಇತ್ತು. ಚಾಮುಂಡಿ ಬೆಟ್ಟಕ್ಕೆ ಲಕ್ಷದ ಸೈಕಲ್ ಏರಿಸುವ ಹವ್ಯಾಸಿಗೆ ಇದು ಹೊರೆಯಲ್ಲ. ದೇವರಾಜ ಮಾರುಕಟ್ಟೆಗೆ ಸೈಕಲಿನಲ್ಲಿ ಹೂವು ತರುವವನಿಗೆ ಅದು ಐದು ಸೈಕಲ್‌ಗಳ ಬೆಲೆ.

ಅಸಲಿ ಸಂಕಟ ಇರುವುದು ಈ ಎರಡನೆಯವನದು. ಕಾನೂನೂ ಅವನ ಕೈಹಿಡಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನ ಪ್ರಕಾರ, ಕದ್ದ ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ಶಿಕ್ಷೆಗೊಳಗಾದವನು ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಶಿಕ್ಷೆ ಸಮುದಾಯ ಸೇವೆ. ಈ ಔದಾರ್ಯಕ್ಕೆ ಆಕ್ಷೇಪವಿಲ್ಲ. ಆದರೆ ಜತೆಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಇಂಥ ಕಳವನ್ನು ಅಸಂಜ್ಞೇಯ ಅಪರಾಧಗಳ ಪಟ್ಟಿಗೆ ಸೇರಿಸಿದೆ. ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆಯನ್ನೇ ನಡೆಸುವಂತಿಲ್ಲ. ನಾಲ್ಕೈದು ವರ್ಷ ತುಳಿದ ಸಾಧಾರಣ ಸೈಕಲಿನ ಬೆಲೆ 5,000 ದಾಟುವುದು ಕಷ್ಟ. ರಾಜ್ಯ ಸರ್ಕಾರ 2006-07ರಿಂದ ಹಲವು ವರ್ಷ ಎಂಟನೇ ತರಗತಿ ಮಕ್ಕಳಿಗೆ ಹಂಚಿದ ಸೈಕಲ್‌ಗಳಂತೂ ಈ ಗೆರೆಯ ಕೆಳಗೇ ಇವೆ. ವಾಹನ ಅಗ್ಗವಾದಷ್ಟೂ ಅದನ್ನು ನೆಚ್ಚಿಕೊಂಡವನು ಬಡವನೆಂಬುದು ಕಾನೂನಿನ ಲೆಕ್ಕಕ್ಕೆ ಬಂದಿಲ್ಲ. ಅವನ ಪಾಲಿಗೆ ದೂರು, ತನಿಖೆ, ವಸೂಲಿ ಎಲ್ಲವೂ ಆ ಇನ್ನೂರು ರೂಪಾಯಿಯ ಬೀಗವೇ!

ಮೈಸೂರು ಈ ಸಮಸ್ಯೆಗೆ ಬೇರೊಂದು ದಾರಿಯನ್ನು ಒಮ್ಮೆ ತೋರಿಸಿತ್ತು. 2017ರ ಜೂನ್‌ನಲ್ಲಿ ಆರಂಭವಾದ 'ಟ್ರಿಣ್ ಟ್ರಿಣ್' ಯೋಜನೆಯಲ್ಲಿ 450 ಸೈಕಲ್, 48 ನಿಲ್ದಾಣಗಳಿದ್ದವು. ನೋಂದಾಯಿತರು ಸ್ಮಾರ್ಟ್ ಕಾರ್ಡ್ ಬಳಸಿದರೆ ನೆಲಕ್ಕೆ ಊರಿದ ಕೊಂಡಿ ಸೈಕಲನ್ನು ಬಿಡುತ್ತಿತ್ತು, ಮರಳಿಸಿದಾಗ ಮತ್ತೆ ಕಚ್ಚಿಕೊಳ್ಳುತ್ತಿತ್ತು. ಇದೂ ಅಭೇದ್ಯವೇನಲ್ಲ. ಪ್ಯಾರಿಸ್‌ನ ವೆಲಿಬ್ ಯೋಜನೆಯಲ್ಲಿ ಇಂಥದೇ ಕೊಂಡಿಗಳಿದ್ದೂ, 2007ರಲ್ಲಿ ಆರಂಭವಾಗಿ ಎರಡು ವರ್ಷ ತುಂಬುವಷ್ಟರಲ್ಲಿ ಸುಮಾರು 8,000 ಸೈಕಲ್ ಕಳುವಾಗಿದ್ದವು. ಆದರೂ ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಸೈಕಲ್ ನಿಲ್ಲಿಸುವ ಜಾಗದ ಹೊಣೆಯನ್ನು ನಗರವೇ ಹೊತ್ತಿತ್ತು.

ಸ್ವಂತ ಸೈಕಲ್ ಉಳ್ಳವನಿಗೆ ಆ ಸೌಲಭ್ಯ ಇಲ್ಲ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ, ಹಿಂಬದಿ ಚಕ್ರಕ್ಕೆ ಬೀಳುವ ಬೀಗ ಗಾಲಿಯನ್ನಷ್ಟೇ ತಡೆಯುತ್ತದೆ. ಹೊತ್ತೊಯ್ಯುವವನಿಗೆ ಗ್ರೈಂಡರ್ ಕೂಡ ಬೇಕಿಲ್ಲ. ಚೌಕಟ್ಟನ್ನು ಬಿಗಿಯಲು ನೆಲಕ್ಕೆ ಊರಿದ ಕಬ್ಬಿಣದ ಕಮಾನು ಬೇಕು. ಸ್ಕೂಟರ್‌ಗಳಿಗೆ ಗೆರೆ ಎಳೆದುಕೊಡುವ ನಗರಾಡಳಿತ ಮಾರುಕಟ್ಟೆ, ಬಸ್ ನಿಲ್ದಾಣ, ಕಾಲೇಜುಗಳ ಮುಂದೆ, ಜನರ ಕಣ್ಣಿಗೆ ಬೀಳುವಲ್ಲಿ ಇವನ್ನು ನೆಡಲು ಕೋಟಿಗಳೇನೂ ಬೇಡ. ಭಾರತೀಯ ಮಾನಕ ಬ್ಯೂರೊ ಕೂಡ ಬೀಗದ ಪೊಟ್ಟಣದ ಮೇಲೆ ನಿಮಿಷಗಳ ಲೆಕ್ಕದ ದರ್ಜೆ ಮುದ್ರಿಸುವಂತೆ ಮಾಡಬಹುದು, ಗ್ರೈಂಡರ್ ಪರೀಕ್ಷೆಯನ್ನೂ ಸೇರಿಸಿ. ಅಲ್ಲಿಯವರೆಗೆ ಓದುಗರು ಇಂದೇ ಮಾಡಬಹುದಾದ ಕೆಲಸವೊಂದಿದೆ. ಸೈಕಲನ್ನು ತಲೆಕೆಳಗು ಮಾಡಿ, ಪೆಡಲ್ ಅಚ್ಚಿನ ಬಳಿ ಕೊರೆದಿರುವ ಚೌಕಟ್ಟಿನ ಸಂಖ್ಯೆಯನ್ನು ಹುಡುಕಿ ಬರೆದಿಟ್ಟುಕೊಳ್ಳಿ, ಒಂದು ಚಿತ್ರವನ್ನೂ ತೆಗೆದಿಡಿ. ಕಳೆದ ಸೈಕಲ್ ಎಲ್ಲೋ ಸಿಕ್ಕರೂ, ಆ ಸಂಖ್ಯೆಯಿಲ್ಲದೆ ಅದು ನಿಮ್ಮದೇ ಎಂದು ತೋರಿಸಿಕೊಡುವುದು ಕಷ್ಟ.